ಕಾಲು ಉಳುಕಿದಾಗ ಸೂಕ್ತ ಚಿಕಿತ್ಸೆಯ ಆಯ್ಕೆ

ಕಾಲು ಉಳುಕುವುದು ಅತಿ ಸಾಮಾನ್ಯವಾದ ಪೆಟ್ಟುಗಳಲ್ಲಿ ಒಂದು. ಸಾಮಾನ್ಯವೆಂಬ ಕಾರಣಕ್ಕಾಗಿಯೇ ಅದನ್ನು ಒಮ್ಮೆ ತೀರ ಹಗುರವಾಗಿಯೂ, ಇನ್ನೊಮ್ಮೆ ಅನಗತ್ಯ ಭಯದಿಂದಲೂ ಕಾಣಲಾಗುತ್ತದೆ. ಮೂಳೆ ಮುರಿದಿದ್ದರೂ ಉಳುಕೆಂದು ಭಾವಿಸಿ ನಡೆದಾಡುವವರಿದ್ದಾರೆ. ಬರಿಯ ಉಳುಕಿಗೆ ದುಬಾರಿ ಪರೀಕ್ಷೆಗಳನ್ನು ಮಾಡಿಸಿಕೊಂಡು ಸಾಲಗಾರರಾಗುವವರೂ ಇದ್ದಾರೆ. ಯಾವ ಉಳುಕಿಗೆ ಮನೆಯ ಆರೈಕೆ ಸಾಕು, ಯಾವುದಕ್ಕೆ ಅದೇ ದಿನ ಆಸ್ಪತ್ರೆ ಬೇಕು ಎಂಬ ತಿಳುವಳಿಕೆಯು ಎರಡು ಬಗೆಯ ನಷ್ಟವನ್ನೂ ತಪ್ಪಿಸಬಲ್ಲದು.

ಗುಜರಾತಿನ ಸೂರತ್ ನಗರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಲ್ಲಿಯ ರಿಂಗ್ ರಸ್ತೆಯ ಜವಳಿ ಮಾರುಕಟ್ಟೆಗಳಲ್ಲಿ ಕೂಲಿಗಾರರು ಬಟ್ಟೆಯ ಭಾರವಾದ ಗಂಟುಗಳನ್ನು ಹೊತ್ತು ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಾರೆ. ನವರಾತ್ರಿಯ ಒಂಬತ್ತು ರಾತ್ರಿ ಸ್ತ್ರೀಪುರುಷರು ಗರಬಾ ನೃತ್ಯದಲ್ಲಿ ಸುತ್ತಿ ಸುತ್ತಿ ಹೆಜ್ಜೆ ಹಾಕುತ್ತಾರೆ. ಜನವರಿ 14ರ ಉತ್ತರಾಯಣದಂದು ಮಕ್ಕಳೂ ದೊಡ್ಡವರೂ ಆಕಾಶದತ್ತ ಕಣ್ಣಿಟ್ಟು ಮಾಳಿಗೆಯ ಮೇಲೆ ಗಾಳಿಪಟದ ಹಿಂದೆ ಓಡಾಡುತ್ತಾರೆ. ಕಾಲು ಹೊರಳುವ ಸಂದರ್ಭಗಳು ಅಲ್ಲಿ ವರ್ಷವಿಡೀ ಒದಗುತ್ತವೆ.

ದುಡಿಮೆಗಾಗಿ ಸೂರತ್ತಿಗೆ ಬಂದ ಕನ್ನಡಿಗ ಕೂಲಿಗಾರನೊಬ್ಬನು ಹೊರೆಯೊಡನೆ ಮೆಟ್ಟಿಲು ತಪ್ಪಿದನೆಂದು ಭಾವಿಸೋಣ. ಗಳಿಗೆಯೊಳಗೆ ಕಾಲು ಊದಿಕೊಳ್ಳುತ್ತದೆ. "ಎಣ್ಣೆ ಹಚ್ಚಿ ನೀವು" ಎನ್ನುವನು ಒಬ್ಬ. "ಹಾಡವೈದ್ಯನ ಬಳಿ ಎಳೆಸು" ಎನ್ನುವನು ಇನ್ನೊಬ್ಬ. "ದೊಡ್ಡ ಆಸ್ಪತ್ರೆಗೇ ಹೋಗು" ಎನ್ನುವನು ಮತ್ತೊಬ್ಬ. ಒಂದು ದಿನ ಕೆಲಸ ತಪ್ಪಿದರೆ ಒಂದು ದಿನದ ಕೂಲಿ ತಪ್ಪುತ್ತದೆ. ಅವನು ಯಾರ ಮಾತು ಕೇಳಬೇಕು?

ಉಳುಕು ಎಂದರೇನು?

ಕಾಲು ಮತ್ತು ಪಾದ ಕೂಡುವ ಕೀಲಿಗೆ ಹರಡು ಎಂದು ಹೆಸರು. ಅದರ ಎರಡು ಬದಿಗಳಲ್ಲಿ ಕೈಗೆ ತಗಲುವ ಮೂಳೆಯ ಉಬ್ಬುಗಳೇ ಗಿಣ್ಣುಗಳು. ಮೂಳೆಯನ್ನು ಮೂಳೆಗೆ ಬಂಧಿಸುವ ಗಟ್ಟಿಯಾದ ನಾರಿನ ಪಟ್ಟಿಗಳಿಗೆ ಅಸ್ಥಿರಜ್ಜುಗಳು ಎನ್ನುತ್ತಾರೆ. ಪಾದವು ಒಳಮುಖವಾಗಿ ಹೊರಳಿದಾಗ ಹೊರಬದಿಯ ಅಸ್ಥಿರಜ್ಜುಗಳು ಮಿತಿಮೀರಿ ಎಳೆಯಲ್ಪಡುತ್ತವೆ. ಇದೇ ಉಳುಕು.

ಉಳುಕಿನಲ್ಲಿ ಮೂರು ದರ್ಜೆಗಳಿವೆ. ಮೊದಲನೆಯದರಲ್ಲಿ ಅಸ್ಥಿರಜ್ಜು ಹಿಗ್ಗಿರುತ್ತದೆ, ಎರಡನೆಯದರಲ್ಲಿ ಭಾಗಶಃ ಹರಿದಿರುತ್ತದೆ, ಮೂರನೆಯದರಲ್ಲಿ ಪೂರ್ಣವಾಗಿ ಹರಿದಿರುತ್ತದೆ. ಊತದ ಗಾತ್ರವನ್ನು ಮಾತ್ರ ನೋಡಿ ದರ್ಜೆಯನ್ನು ನಿರ್ಣಯಿಸಲಾಗದು. ಮೂಳೆ ಮುರಿದಿದೆಯೇ ಎಂಬುದನ್ನೂ ಹೇಳಲಾಗದು.

ತತ್‌ಕ್ಷಣದ ಆರೈಕೆ

ಗಾಯಾಳುವನ್ನು ಕೂರಿಸಿ, ಬೂಟು ಅಥವಾ ಚಪ್ಪಲಿಯನ್ನು ಮೆಲ್ಲನೆ ತೆಗೆಯಬೇಕು. ಕಾಲುಂಗುರ, ಗೆಜ್ಜೆಗಳಿದ್ದರೆ ಊತ ಹೆಚ್ಚುವ ಮುನ್ನವೇ ತೆಗೆಯುವುದು ಒಳ್ಳೆಯದು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷಗಳ ಕಾಲ ಇಡಬೇಕು. ಎರಡು ಮೂರು ಗಂಟೆಗಳಿಗೊಮ್ಮೆ ಹೀಗೆ ಮಾಡಬಹುದು. ಇದರಿಂದ ನೋವು ಶಮನವಾಗುತ್ತದೆ. ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ತಾಗಿಸಬಾರದು. ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಕಡೆಯಿಂದ ಮೇಲಕ್ಕೆ ಹಿತವಾದ ಬಿಗಿಯಲ್ಲಿ ಸುತ್ತಿ, ಮಲಗಿರುವಾಗ ದಿಂಬುಗಳ ಮೇಲೆ ಕಾಲನ್ನು ಎದೆಯ ಮಟ್ಟಕ್ಕಿಂತ ಎತ್ತರದಲ್ಲಿ ಇರಿಸಬೇಕು.

ಮೊದಲ ಎರಡು ಮೂರು ದಿನ ಬಿಸಿ ಶಾಖ, ಬಲವಾದ ನೀವಿಕೆ ಹಾಗೂ ಮದ್ಯಪಾನ ವರ್ಜ್ಯ. ಇವು ಊತವನ್ನು ಹೆಚ್ಚಿಸುತ್ತವೆ. ಎಣ್ಣೆ ಹಚ್ಚಿ ನೀವಬೇಕೆಂಬ ಗೆಳೆಯನ ಸಲಹೆ ಆದ್ದರಿಂದಲೇ ಆ ದಿನಕ್ಕೆ ಒಪ್ಪತಕ್ಕದ್ದಲ್ಲ. ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸಾಕಾಗುತ್ತದೆ. ಜಠರದ ಹುಣ್ಣು, ಮೂತ್ರಪಿಂಡದ ಕಾಯಿಲೆ, ಹೃದ್ರೋಗ ಅಥವಾ ಉಬ್ಬಸ ಇರುವವರು ಹಾಗೂ ಗರ್ಭಿಣಿಯರು ಇತರ ನೋವುನಿವಾರಕ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಸೇವಿಸಬಾರದು.

ಮೂಳೆ ಮುರಿದಿದೆಯೇ? ನಾಲ್ಕು ಹೆಜ್ಜೆಗಳ ಪರೀಕ್ಷೆ

1992ರಲ್ಲಿ ಕೆನಡಾ ದೇಶದ ಒಟ್ಟಾವಾ ನಗರದಲ್ಲಿ ಡಾ. ಇಯಾನ್ ಸ್ಟೀಲ್ ಮತ್ತು ಅವರ ಸಹೋದ್ಯೋಗಿಗಳು ಈ ಪ್ರಶ್ನೆಗೆ ಸರಳವಾದ ಉತ್ತರವನ್ನು ರೂಪಿಸಿದರು. ಹರಡಿಗೆ ಪೆಟ್ಟು ಬಿದ್ದವರೆಲ್ಲರಿಗೂ ಎಕ್ಸ್-ರೇ ತೆಗೆಯುವ ರೂಢಿ ಆಗ ಇತ್ತು. ಹಾಗೆ ತೆಗೆದ ನೂರು ಮಂದಿಯಲ್ಲಿ 15ಕ್ಕಿಂತ ಕಡಿಮೆ ಮಂದಿಗೆ ಮಾತ್ರ ಮೂಳೆ ಮುರಿದಿರುತ್ತಿತ್ತು. ಅವರು ರೂಪಿಸಿದ ನಿಯಮಗಳು ಇಂದು ಒಟ್ಟಾವಾ ನಿಯಮಗಳೆಂದು ಪ್ರಸಿದ್ಧವಾಗಿವೆ. ಹರಡಿನಲ್ಲಾಗಲಿ ಪಾದದ ನಡುಭಾಗದಲ್ಲಾಗಲಿ ನೋವಿದ್ದು, ಅದರ ಜೊತೆಗೆ ಕೆಳಗಿನ ಯಾವುದಾದರೂ ಒಂದು ಲಕ್ಷಣ ಕಂಡುಬಂದರೆ ಎಕ್ಸ್-ರೇ ಅಗತ್ಯ:

1. ಹೊರಗಿಣ್ಣಿನ ತುದಿಯನ್ನು, ಅಥವಾ ಅಲ್ಲಿಂದ ಮೇಲಕ್ಕೆ 6 ಸೆಂಟಿಮೀಟರುಗಳವರೆಗೆ ಅದರ ಹಿಂದಿನ ಅಂಚನ್ನು ಒತ್ತಿದಾಗ ಮೂಳೆಯಲ್ಲಿ ನೋವು.
2. ಒಳಗಿಣ್ಣನ್ನು ಅದೇ ರೀತಿ ಒತ್ತಿದಾಗ ನೋವು.
3. ಪಾದದ ಹೊರ ಅಂಚಿನ ನಡುವೆ ಉಬ್ಬಿರುವ ಮೂಳೆಯನ್ನು, ಅಥವಾ ಒಳ ಅಂಚಿನಲ್ಲಿ ಹರಡಿನ ಮುಂದಿರುವ ಮೂಳೆಯನ್ನು ಒತ್ತಿದಾಗ ನೋವು.
4. ಪೆಟ್ಟು ಬಿದ್ದ ಕೂಡಲೆಯೂ, ವೈದ್ಯರ ಮುಂದೆಯೂ ನಾಲ್ಕು ಹೆಜ್ಜೆ ನಡೆಯಲಾಗದಿರುವುದು. ಕುಂಟುತ್ತ ನಡೆದರೂ ಅದು ನಡಿಗೆಯೇ.

ಹದಿನೈದು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ 27 ಅಧ್ಯಯನಗಳನ್ನು 2003ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಈ ಲಕ್ಷಣಗಳು ಯಾವುವೂ ಇಲ್ಲದವರಲ್ಲಿ ಮೂಳೆ ಮುರಿದಿರುವ ಸಂಭವ ನೂರಕ್ಕೆ ಎರಡಕ್ಕಿಂತ ಕಡಿಮೆಯೆಂದು ಕಂಡುಬಂದಿತು. ಆದರೆ ಚಿಕ್ಕ ಮಕ್ಕಳು, ಮದ್ಯಪಾನ ಮಾಡಿದವರು, ದೇಹದ ಬೇರೆಡೆ ದೊಡ್ಡ ಗಾಯವಾದವರು ಮತ್ತು ಸಕ್ಕರೆ ಕಾಯಿಲೆಯಿಂದ ಪಾದಗಳ ಸ್ಪರ್ಶಜ್ಞಾನ ಕುಂದಿರುವವರು ನೋವನ್ನು ಸರಿಯಾಗಿ ತಿಳಿಸಲಾರರು. ಇಂಥವರು ಈ ಪರೀಕ್ಷೆಯನ್ನು ನಂಬಿಕೊಳ್ಳದೆ ವೈದ್ಯರನ್ನೇ ಕಾಣಬೇಕು.

ಎಲ್ಲಿಗೆ ಹೋಗಬೇಕು?

ಪಾದವು ಸೊಟ್ಟಗಾಗಿದ್ದರೆ, ಮೂಳೆ ಹೊರಬಂದಿದ್ದರೆ, ಬೆರಳುಗಳು ತಣ್ಣಗಾಗಿ ಬಿಳಿಚಿಕೊಂಡಿದ್ದರೆ ಅಥವಾ ನೀಲಿಗಟ್ಟಿ ಮರಗಟ್ಟಿದ್ದರೆ ಅದು ತುರ್ತು ಸ್ಥಿತಿ. ಕಾಲನ್ನು ಎಳೆದು ನೇರಮಾಡಲು ಯತ್ನಿಸದೆ 108 ಸಂಖ್ಯೆಗೆ ಕರೆ ಮಾಡಬೇಕು. ಈ ಆಂಬುಲೆನ್ಸ್ ಸೇವೆಯು ಗುಜರಾತಿನಲ್ಲಿ 2007ರಿಂದ ಲಭ್ಯವಿದೆ.

ಮೇಲೆ ಹೇಳಿದ ನಾಲ್ಕರಲ್ಲಿ ಒಂದು ಲಕ್ಷಣವಿದ್ದರೂ ಅದೇ ದಿನ ಎಕ್ಸ್-ರೇ ಸೌಲಭ್ಯವಿರುವ ಆಸ್ಪತ್ರೆಗೆ ಹೋಗತಕ್ಕದ್ದು. ಸೂರತ್ತಿನಲ್ಲಿ ಮಜೂರಾ ಗೇಟ್ ಬಳಿಯ ನ್ಯೂ ಸಿವಿಲ್ ಆಸ್ಪತ್ರೆ, ಮಹಾನಗರಪಾಲಿಕೆಯ ಸ್ಮೀಮೇರ್ ಆಸ್ಪತ್ರೆ, ವಡೋದರಾದಲ್ಲಿ ಸರ್ ಸಯಾಜಿರಾವ್ ಜನರಲ್ ಆಸ್ಪತ್ರೆ, ಅಹಮದಾಬಾದಿನಲ್ಲಿ ಅಸಾರ್ವಾದ ಸಿವಿಲ್ ಆಸ್ಪತ್ರೆ ಇಂಥ ಸಾರ್ವಜನಿಕ ಆಸ್ಪತ್ರೆಗಳು. ಭಾಷೆ ಬಾರದವರು ಉಳುಕಿಗೆ ಗುಜರಾತಿಯಲ್ಲಿ 'ಮಚಕೋಡ' ಎಂದೂ ಹಿಂದಿಯಲ್ಲಿ 'ಮೋಚ್' ಎಂದೂ ಹೇಳುತ್ತಾರೆಂಬುದನ್ನು ತಿಳಿದಿದ್ದರೆ ಅನುಕೂಲ.

ಯಾವ ಲಕ್ಷಣವೂ ಇಲ್ಲದಿದ್ದರೆ ಮನೆಯ ಆರೈಕೆ ಸಾಕು; ಸಂದೇಹವಿದ್ದರೆ ನಗರ ಆರೋಗ್ಯ ಕೇಂದ್ರದ ವೈದ್ಯರನ್ನು ಅಥವಾ ಸಮೀಪದ ಸಾಮಾನ್ಯ ವೈದ್ಯರನ್ನು ಕಾಣಬಹುದು. ಐದಾರು ದಿನ ಕಳೆದರೂ ನೋವು ಇಳಿಯದಿದ್ದರೆ, ಕಾಲೂರಲು ಕಷ್ಟವಾದರೆ ಮೂಳೆ ಮತ್ತು ಕೀಲು ತಜ್ಞರ ಪರೀಕ್ಷೆ ಆಗಬೇಕು. ಊತ ಇಳಿದ ಮೇಲೆ ಅಸ್ಥಿರಜ್ಜು ಹರಿದಿರುವುದು ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ. ಎಂ.ಆರ್.ಐ. ಪರೀಕ್ಷೆಯಾಗಲಿ ಶಸ್ತ್ರಚಿಕಿತ್ಸೆಯಾಗಲಿ ಕೆಲವರಿಗೆ ಮಾತ್ರ ಅಗತ್ಯ.

ಖರ್ಚಿನ ವಿಷಯದಲ್ಲಿ ಒಂದು ಅಂಶ ಗಮನಾರ್ಹ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯು ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಅನ್ವಯಿಸುತ್ತದೆ. ಹೊರರೋಗಿಯಾಗಿ ಉಳುಕಿಗೆ ಮಾಡಿಸುವ ಖರ್ಚಿಗೆ ಅದು ಒದಗುವುದಿಲ್ಲ. ನೌಕರರ ರಾಜ್ಯ ವಿಮಾ ಯೋಜನೆಯಲ್ಲಿ ನೋಂದಾಯಿತರಾದ ಕಾರ್ಮಿಕರಿಗೆ ಹೊರರೋಗಿ ಚಿಕಿತ್ಸೆಯೂ ಲಭ್ಯ. ಕೆಲಸದ ವೇಳೆ ಪೆಟ್ಟಾದರೆ ವಿಳಂಬವಿಲ್ಲದೆ ಮಾಲೀಕರಿಗೆ ತಿಳಿಸಿ ಅಪಘಾತವನ್ನು ದಾಖಲಿಸುವುದು ಪರಿಹಾರ ಪಡೆಯಲು ನೆರವಾಗುತ್ತದೆ.

ಎಳೆಸುವುದು ಮತ್ತು ಕಟ್ಟು ಹಾಕಿಸುವುದು

ಗುಜರಾತಿನಲ್ಲಿ ಹಾಡವೈದ್ಯರೆಂದೂ ಕರ್ನಾಟಕದಲ್ಲಿ ಮೂಳೆ ಕಟ್ಟುವ ನಾಟಿವೈದ್ಯರೆಂದೂ ಕರೆಯಲ್ಪಡುವವರ ಬಳಿಗೆ ಜನ ಇಂದಿಗೂ ಹೋಗುತ್ತಾರೆ. ಅವರು ಹತ್ತಿರದಲ್ಲಿದ್ದಾರೆ, ಕಾಯಿಸುವುದಿಲ್ಲ, ಮಾತನಾಡಿಸುತ್ತಾರೆ ಎಂಬ ಕಾರಣಗಳು ಸುಳ್ಳಲ್ಲ. ಆದರೆ ಮೂಳೆ ಮುರಿದಿದೆಯೇ ಎಂದು ಖಚಿತವಾಗುವ ಮುನ್ನ ಕಾಲನ್ನು ಎಳೆದರೆ ಮುರಿದ ತುದಿಗಳು ಜರುಗಬಹುದು. ಊತ ಹೆಚ್ಚುತ್ತಿರುವಾಗ ಬಿದಿರ ದಬ್ಬೆಗಳಿಟ್ಟು ಬಿಗಿಯಾಗಿ ಕಟ್ಟಿದರೆ ರಕ್ತಸಂಚಾರ ನಿಂತು ಪಾದವನ್ನೇ ಕಳೆದುಕೊಳ್ಳುವ ಅಪಾಯವಿದೆ. ಯಾರೇ ಹಾಕಿದ ಕಟ್ಟಾಗಲಿ, ಬೆರಳುಗಳು ಮರಗಟ್ಟಿದರೆ, ತಣ್ಣಗಾದರೆ ಅಥವಾ ನೋವು ಏರುತ್ತಲೇ ಹೋದರೆ ಅದನ್ನು ಕೂಡಲೇ ಸಡಿಲಿಸಿ ಆಸ್ಪತ್ರೆಗೆ ಧಾವಿಸಬೇಕು.

ಮತ್ತೆ ಕೆಲಸಕ್ಕೆ

ನೋವು ನಿಂತಿತೆಂದರೆ ಉಳುಕು ವಾಸಿಯಾಯಿತೆಂದು ತಿಳಿಯುವುದೇ ಬಹುಮಂದಿ ಮಾಡುವ ತಪ್ಪು. ಸೌಮ್ಯ ಉಳುಕಿಗೆ ಒಂದರಿಂದ ಮೂರು ವಾರ, ಮಧ್ಯಮ ದರ್ಜೆಯದಕ್ಕೆ ಮೂರರಿಂದ ಆರು ವಾರ, ತೀವ್ರವಾದುದಕ್ಕೆ ಕೆಲವು ತಿಂಗಳುಗಳೇ ಬೇಕಾಗುತ್ತವೆ. ಹಾಗೆಂದು ವಾರಗಟ್ಟಲೆ ಮಲಗಿರುವುದೂ ಸರಿಯಲ್ಲ. ಸಾಮಾನ್ಯ ಉಳುಕಿನಲ್ಲಿ ಒಂದೆರಡು ದಿನಗಳ ವಿಶ್ರಾಂತಿಯ ನಂತರ, ನೋವು ಸಹಿಸುವಷ್ಟರ ಮಟ್ಟಿಗೆ ಕಾಲೂರಿ ನಡೆಯುವುದರಿಂದ ಗುಣ ಬೇಗ ಕಾಣುತ್ತದೆ.

ಗಾಳಿಯಲ್ಲಿ ಕಾಲ್ಬೆರಳ ತುದಿಯಿಂದ ಅ, ಆ, ಇ, ಈ ಬರೆಯುವುದು ಮೊದಲ ವ್ಯಾಯಾಮ. ಅನಂತರ ಗೋಡೆಗೆ ಕೈಯಾನಿಸಿ ಹಿಮ್ಮಡಿ ಎತ್ತಿ ಇಳಿಸುವುದು. ಆಮೇಲೆ ಪೆಟ್ಟಾದ ಕಾಲೊಂದರ ಮೇಲೆಯೇ ಅರ್ಧ ನಿಮಿಷ ನಿಲ್ಲಲು ಕಲಿಯುವುದು. ಈ ಸಮತೋಲನದ ಅಭ್ಯಾಸವನ್ನು ಬಿಟ್ಟವರಲ್ಲಿ ಅದೇ ಕಾಲು ಮತ್ತೆ ಮತ್ತೆ ಉಳುಕುವ ಸಂಭವ ಹೆಚ್ಚು. ಹೊರೆ ಹೊರುವವನಿಗೆ ಅಂಥ ಕಾಲು ಜೀವನೋಪಾಯಕ್ಕೇ ತೊಡಕು. ಆದುದರಿಂದ ಎರಡು ದಿನದ ಕೂಲಿಯನ್ನು ಉಳಿಸಲು ಹೋಗಿ ಮುಂದಿನ ವರ್ಷಗಳ ದುಡಿಮೆಯನ್ನು ಪಣಕ್ಕಿಡುವುದು ವಿವೇಕವಲ್ಲ.

ನೆನಪಿನಲ್ಲಿಡಬೇಕಾದ ಅಂಶಗಳು

* ಸೊಟ್ಟಗಾದ ಪಾದ, ತಣ್ಣಗಾದ ಅಥವಾ ಮರಗಟ್ಟಿದ ಬೆರಳು: 108.
* ಗಿಣ್ಣಿನ ಅಥವಾ ಪಾದದ ಮೂಳೆಯನ್ನು ಒತ್ತಿದರೆ ನೋವು, ನಾಲ್ಕು ಹೆಜ್ಜೆ ನಡೆಯಲಾಗದಿರುವುದು: ಅದೇ ದಿನ ಎಕ್ಸ್-ರೇ.
* ಇವು ಯಾವುವೂ ಇಲ್ಲದಿದ್ದರೆ: ಮನೆಯ ಆರೈಕೆ, ಐದಾರು ದಿನಗಳಲ್ಲಿ ಗುಣ ಕಾಣದಿದ್ದರೆ ವೈದ್ಯರು.
* ಎಳೆಸುವುದು, ನೀವಿಸುವುದು, ಬಿಗಿಯಾಗಿ ಕಟ್ಟಿಸುವುದು ಬೇಡ.
* ನೋವು ನಿಂತ ಮೇಲೂ ವ್ಯಾಯಾಮ ಬಿಡಬಾರದು.