ವಿಶ್ವದ ಹಿನ್ನೆಲೆ ವಿಕಿರಣ: ಒಂದು ಅಳತೆಯ ಪಾಠ

ಇರುಳಿನಲ್ಲಿ ನಕ್ಷತ್ರಗಳ ನಡುವಣ ಆಕಾಶವು ಬರಿಯ ಕತ್ತಲೆಯೆಂದು ಕಣ್ಣಿಗೆ ತೋರುತ್ತದೆ. ವಾಸ್ತವವಾಗಿ ಅಲ್ಲಿಂದ ಒಂದು ಮಂದವಾದ ವಿಕಿರಣವು ಎಲ್ಲ ದಿಕ್ಕುಗಳಿಂದಲೂ ಬಹುಮಟ್ಟಿಗೆ ಏಕರೂಪವಾಗಿ ಹರಿದುಬರುತ್ತಿದೆ. ಇದನ್ನೇ ವಿಶ್ವದ ಸೂಕ್ಷ್ಮತರಂಗ ಹಿನ್ನೆಲೆ ವಿಕಿರಣವೆಂದು ಕರೆಯುತ್ತಾರೆ.

ಸುಮಾರು 1380 ಕೋಟಿ ವರ್ಷಗಳ ಹಿಂದೆ ವಿಶ್ವವು ಅತ್ಯಂತ ಸಾಂದ್ರವೂ ಉಷ್ಣವೂ ಆಗಿದ್ದಿತು. ಬಿಡಿ ಎಲೆಕ್ಟ್ರಾನುಗಳು ಬೆಳಕನ್ನು ಚದರಿಸುತ್ತಿದ್ದುದರಿಂದ, ದಟ್ಟ ಮಂಜಿನೊಳಗಿನ ದೀಪದಂತೆ, ಅದು ನೇರವಾಗಿ ಸಾಗಲಾರದಾಗಿತ್ತು. ಸುಮಾರು 3,80,000 ವರ್ಷಗಳು ಕಳೆದು ಉಷ್ಣತೆಯು 3000 ಕೆಲ್ವಿನ್‌ಗೆ ಇಳಿದಾಗ ಎಲೆಕ್ಟ್ರಾನುಗಳು ಪರಮಾಣುಗಳಲ್ಲಿ ಸೇರಿಕೊಂಡವು. ಬೆಳಕಿನ ದಾರಿ ತೆರೆಯಿತು. ಅಂದಿನಿಂದ ವಿಶ್ವವು ಸುಮಾರು 1100 ಪಟ್ಟು ವಿಸ್ತರಿಸಿದೆ. ಆ ಬೆಳಕಿನ ತರಂಗಗಳೂ ಅಷ್ಟೇ ಪಟ್ಟು ನೀಳವಾಗಿವೆ. 3000ವನ್ನು 1100ರಿಂದ ಭಾಗಿಸಿದರೆ ಇಂದಿನ ಉಷ್ಣತೆಯಾದ ಸುಮಾರು 2.7 ಕೆಲ್ವಿನ್ ದೊರೆಯುತ್ತದೆ. ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕವಿದು.

ಇಂಥ ವಿಕಿರಣವು ಸುಮಾರು 5 ಕೆಲ್ವಿನ್ ಉಷ್ಣತೆಯಲ್ಲಿ ಉಳಿದಿರಬೇಕೆಂದು ರಾಲ್ಫ್ ಆಲ್ಫರ್ ಮತ್ತು ರಾಬರ್ಟ್ ಹರ್ಮನ್ 1948ರಲ್ಲಿಯೇ ಗಣಿಸಿದ್ದರು. ಆ ಮಾತು ಬಹುಮಟ್ಟಿಗೆ ಮರೆತುಹೋಯಿತು. 1964ರಲ್ಲಿ ಅಮೆರಿಕದ ನ್ಯೂಜರ್ಸಿಯ ಹೋಮ್‌ಡೆಲ್‌ನಲ್ಲಿ ಬೆಲ್ ಪ್ರಯೋಗಾಲಯದ ಆರ್ನೊ ಪೆನ್‌ಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಅವರಿಗೆ, ಕೊಂಬಿನಾಕಾರದ ತಮ್ಮ ಆಂಟೆನಾದಲ್ಲಿ ಲೆಕ್ಕಕ್ಕೆ ಸಿಗದ ಅಲ್ಪ ಗದ್ದಲವೊಂದು ಕಂಡುಬಂದಿತು. ಆಂಟೆನಾವನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಅದು ಅಷ್ಟೇ ಇದ್ದಿತು. ಅವರು ಬೆಸುಗೆಗಳನ್ನು ಪರೀಕ್ಷಿಸಿದರು. ಒಳಗೆ ಗೂಡುಕಟ್ಟಿದ್ದ ಪಾರಿವಾಳಗಳನ್ನು ಹೊರಹಾಕಿ ಹಿಕ್ಕೆಯನ್ನೂ ತೊಳೆದರು. ಗದ್ದಲ ಅಳಿಯಲಿಲ್ಲ. ಅದು ಆದಿವಿಶ್ವದ ಬೆಳಕೇ ಆಗಿರಬೇಕೆಂಬ ವಿವರಣೆಯನ್ನು 1965ರಲ್ಲಿ ಪ್ರಿನ್ಸ್‌ಟನ್‌ನ ರಾಬರ್ಟ್ ಡಿಕಿ ಮತ್ತು ಸಂಗಡಿಗರು ನೀಡಿದರು. 1978ರಲ್ಲಿ ಪೆನ್‌ಜಿಯಾಸ್ ಮತ್ತು ವಿಲ್ಸನ್ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಮುಂದೆ 1989ರಲ್ಲಿ ಹಾರಿದ ಕೋಬೆ ಉಪಗ್ರಹವು ಈ ವಿಕಿರಣದಲ್ಲಿ ಲಕ್ಷಕ್ಕೆ ಒಂದರಷ್ಟು ಏರುಪೇರುಗಳಿರುವುದನ್ನು ತೋರಿಸಿತು. ಗ್ಯಾಲಕ್ಸಿಗಳು ಬೆಳೆದುದು ಅಂಥ ಬೀಜಗಳಿಂದಲೇ.

ಇದಕ್ಕೆ ಪೂರಕವಾದ ಇನ್ನೊಂದು ಪಾಠ ನಮ್ಮ ನಾಡಿನದು. ಪ್ರಥಮ ನಕ್ಷತ್ರಗಳ ಕಾಲದ ಹೈಡ್ರೋಜನ್ ಅನಿಲವು ಈ ಹಿನ್ನೆಲೆ ವಿಕಿರಣವನ್ನು ಹೀರಿದ ಗುರುತು ಸಿಕ್ಕಿತೆಂದು 2018ರಲ್ಲಿ ವಿದೇಶದ ತಂಡವೊಂದು ಪ್ರಕಟಿಸಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತಮ್ಮ 'ಸರಸ್' ಆಂಟೆನಾವನ್ನು ತೇಲಿಸಿ ಅಳೆದರು. ಹೇಳಲಾದ ಆ ಗುರುತು ಅವರ ಅಳತೆಯಲ್ಲಿ ಕಾಣಲಿಲ್ಲವೆಂಬುದು 2022ರಲ್ಲಿ ಪ್ರಕಟವಾಯಿತು.

ಗದ್ದಲವೆಂದು ತೋರಿದುದನ್ನು ಕಾರಣವರಿಯದೆ ತಳ್ಳಬಾರದು. ಶೋಧವೆಂದು ತೋರಿದುದನ್ನು ಪರೀಕ್ಷಿಸದೆ ಒಪ್ಪಬಾರದು. ಶಾಲೆಯ ಪ್ರಯೋಗಶಾಲೆಯಲ್ಲಿ ಪುಸ್ತಕದ ಉತ್ತರಕ್ಕೆ ಹೊಂದದ ಅಳತೆ ಬಂದಾಗ, ವಿದ್ಯಾರ್ಥಿಗಳು ಅದನ್ನು ಅಳಿಸಿ 'ಸರಿಯಾದ' ಅಂಕಿಯನ್ನು ಬರೆಯುವುದುಂಟು. ಅಧ್ಯಾಪಕರು ಅಳಿಸಗೊಡದೆ, ಅದು ಏಕೆ ಬಂದಿತೆಂದು ಕೇಳುವುದಾದರೆ, ವಿಜ್ಞಾನದ ಬೋಧನೆ ಸಾರ್ಥಕವಾದೀತು.