ನೀರಿನ ಹಿಂದೆ ಬಂದ ತೋಟಿಗರು: ಮಾಳೀನಗರದಿಂದ ಕಲಿಯತಕ್ಕದ್ದು



ನಮ್ಮ ಸೋಲಾಪುರ ಜಿಲ್ಲೆಯ ಮಾಳಶಿರಸ ತಾಲೂಕಿನಲ್ಲಿ, ಅಕಲೂಜದ ಬಳಿ, ಮಾಳೀನಗರವಿದೆ. ಪುಣೆ ಜಿಲ್ಲೆಯ ಸಾಸವಡದಿಂದ ಬಂದ ಮಾಳಿ ಸಮಾಜದ ತೋಟಿಗರು ನೆಲೆನಿಂತು ಕಟ್ಟಿದ ಊರು ಅದು. ಆ ಕಥೆಯಲ್ಲಿ ಅಕ್ಕಲಕೋಟೆಯ ಕಬ್ಬು ಬೆಳೆಗಾರರಿಗೆ ಬೇಕಾದ ಒಂದು ಪಾಠವಿದೆ.

1880ರ ದಶಕದಲ್ಲಿ ನೀರಾ ಎಡದಂಡೆ ಕಾಲುವೆ ಹರಿಯಿತು. ಬರಗಾಲಕ್ಕೆ ಆಸರೆಯಾಗಲೆಂದು ತೋಡಿದ ಕಾಲುವೆ ಅದು. ಮಳೆ ಚೆನ್ನಾಗಿ ಬಿದ್ದ ವರ್ಷ ಅಲ್ಲಿನ ಜೋಳದ ರೈತರು ಆ ನೀರನ್ನು ಮುಟ್ಟುತ್ತಲೇ ಇರಲಿಲ್ಲ. ಅವರನ್ನು ಆಲಸಿಗಳೆನ್ನುವುದು ತಪ್ಪು. ಎರೆ ಹೊಲಕ್ಕೆ ಹದ ಮಳೆ ಸಾಕು. ಕಬ್ಬಿಗಾದರೋ ಹಿಂಡಿ, ಗೊಬ್ಬರ, ಆಳು ಎಲ್ಲಕ್ಕೂ ಕೈಯಲ್ಲಿ ರೊಕ್ಕ ಬೇಕು. ಸಾಸವಡದ ಮಾಳಿಗಳಿಗೆ ಬಾವಿ ನೀರಿನ ತೋಟಗಾರಿಕೆ ತಲೆಮಾರಿನ ವಿದ್ಯೆ. ಅವರು ಬಂಧುಬಳಗದೊಂದಿಗೆ ಬಂದು, ಊರವರ ಹೊಲಗಳನ್ನು ಗೇಣಿಗೆ ಹಿಡಿದು, ಕಬ್ಬು ಹಚ್ಚಿ, ಗಾಣ ಹೂಡಿ ಬೆಲ್ಲ ಮಾಡಿದರು. ಹೊಲ ಕೊಟ್ಟವರು ಬದುವಿನ ಮೇಲೆ ನಿಂತು ನೋಡಿದರು. ಮುಂದೆ ಅವರಲ್ಲೂ ಅನೇಕರು ಕಬ್ಬಿನ ಬೆಳೆಗಾರರಾದರು. ಅಂದು ಸರಕಾರದ ಯಾವ ಪ್ರಾತ್ಯಕ್ಷಿಕೆಯೂ ಇಷ್ಟು ಕಲಿಸಿರಲಿಕ್ಕಿಲ್ಲ!

ಆದರೆ ನೀರಿನ ಇನ್ನೊಂದು ಮುಖವೂ ಬೇಗನೆ ಕಂಡಿತು. ಕಾಲುವೆಯ ತಲೆಭಾಗದವರು ಬೇಕಾಬಿಟ್ಟಿ ನೀರು ಹಾಯಿಸಿದರು, ಬಾಲಭಾಗಕ್ಕೆ ನೀರು ಮುಟ್ಟಲಿಲ್ಲ. ತಲೆಭಾಗದಲ್ಲೇ ನೆಲ ಜೌಗಾಗಿ, ಉಪ್ಪು ಮೇಲೆದ್ದು, ಒಳ್ಳೆಯ ಎರೆ ಹೊಲಗಳು ಸವಳಾದವು. ಆಗ ಮುಂಬಯಿ ಇಲಾಖೆಯಲ್ಲಿ ಎಂಜಿನಿಯರರಾಗಿದ್ದ ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ನೀರಾ ಕಾಲುವೆಗೆ ಬ್ಲಾಕ್ ಪದ್ಧತಿ ಹಾಕಿಕೊಟ್ಟರು. ನೀರು ಒಂದೇ ಕಡೆ ಸುರಿಯದೆ ಹಲವು ಊರುಗಳ ಗೊತ್ತಾದ ತುಂಡುಗಳಿಗೆ ಹಂಚಿಕೆಯಾಗಬೇಕು. ಒಂದು ತುಂಡಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಕಬ್ಬು, ಉಳಿದುದರಲ್ಲಿ ಕಡಿಮೆ ನೀರಿನ ಬೆಳೆ. ಕಬ್ಬಿನ ಜಾಗ ಪಾಳಿಯಂತೆ ಬದಲಾಗಬೇಕು. ಇದರಿಂದ ನೆಲಕ್ಕೂ ಉಸಿರಾಡಲು ಬಿಡುವು ಸಿಕ್ಕಿತು.

1928ರಲ್ಲಿ ಭಾಟಘರದ ಹೊಸ ಅಣೆಕಟ್ಟು ಮುಗಿಯಿತು. ಬಲದಂಡೆ ಕಾಲುವೆಯ ನೀರಿನ ಜಾಡು ಹಿಡಿದು ಮಾಳಿ ಕುಟುಂಬಗಳು ನಮ್ಮ ಜಿಲ್ಲೆಗೆ ಇಳಿದವು. ಅಷ್ಟರಲ್ಲಿ ಜಾಗತಿಕ ಮುಗ್ಗಟ್ಟಿನಿಂದ ಬೆಲ್ಲದ ದರ ಕುಸಿಯಿತು. 1932ರಲ್ಲಿ ದೇಶದ ಸಕ್ಕರೆಗೆ ಆಮದು ಸುಂಕದ ರಕ್ಷಣೆ ಸಿಕ್ಕಿತು. ಅದೇ ವರ್ಷ ಈ ಬೆಳೆಗಾರರು ತಮ್ಮತಮ್ಮಲ್ಲೇ ಶೇರು ಕೂಡಿಸಿ ಸಾಸವಡ ಮಾಳಿ ಶುಗರ್ ಫ್ಯಾಕ್ಟರಿ ಸ್ಥಾಪಿಸಿದರು. ಅದು ಸಹಕಾರಿ ಸಂಘವಲ್ಲ, ಶೇರು ಕಂಪನಿ. ಸಹಕಾರಿ ಮಾದರಿಗೆ ನಾವು ವಿಠ್ಠಲರಾವ್ ವಿಖೆ ಪಾಟೀಲ ಮತ್ತು ಪ್ರೊ. ಧನಂಜಯರಾವ್ ಗಾಡಗೀಳರ ಪ್ರವರಾ ಕಾರಖಾನೆಯತ್ತ ನೋಡಬೇಕು. ಅದು 1950-51ರ ಹಂಗಾಮಿನಲ್ಲಿ ಕಬ್ಬು ನುರಿಸತೊಡಗಿತು. ಆದರೂ ಬೆಳೆಗಾರನೇ ಕಾರಖಾನೆಯ ಒಡೆಯನಾಗಬಲ್ಲನೆಂದು ಮೊದಲು ತೋರಿಸಿದವರು ಮಾಳೀನಗರದವರೇ.

ಈಗ ನಮ್ಮ ಹೊಲಕ್ಕೆ ಬರೋಣ. ಭೀಮಾ, ಬೋರಿ ದಂಡೆಯ ಎರೆ ಮಣ್ಣು ನೀರಾ ದಂಡೆಯ ಮಣ್ಣಿನಂತೆಯೇ ನೀರು ಹಿಡಿಯುತ್ತದೆ, ಬೇಗ ಬಸಿಯುವುದಿಲ್ಲ. ಬೇಸಿಗೆಯಲ್ಲಿ ಹೊಲದ ತಗ್ಗಿನ ಮೂಲೆಗೆ 5 ಅಡಿ ಗುಂಡಿ ತೋಡಿ, ಎರಡು ದಿನ ಬಿಟ್ಟು ನೋಡಿರಿ. ಅದರಲ್ಲಿ ನೀರು ನಿಂತರೆ, ಅಥವಾ ಬದುವಿನ ಮೇಲೆ ಬಿಳಿ ಪುಡಿ ಕಂಡರೆ, ಮಣ್ಣು ಪರೀಕ್ಷೆ ಮಾಡಿಸಿ, ಬಸಿಗಾಲುವೆ ತೋಡಿದ ಮೇಲೆಯೇ ಕಬ್ಬು ಹಚ್ಚಿರಿ. ಬಸಿಯಲು ದಾರಿಯಿಲ್ಲದ ಹೊಲಕ್ಕೆ ಜಿಪ್ಸಂ ಹಾಕಿದರೆ ರೊಕ್ಕ ಮಣ್ಣುಪಾಲು. ಬಸಿಗಾಲುವೆ ಒಬ್ಬನ ಹೊಲದಲ್ಲಿ ಮುಗಿಯುವುದಿಲ್ಲ; ಹಳ್ಳ ಮುಟ್ಟುವವರೆಗಿನ ನೆರೆಹೊರೆಯವರೆಲ್ಲ ಒಟ್ಟಿಗೆ ಕೂತು, ಗೆರೆ ಹಾಕಿಯೇ ತೋಡತಕ್ಕದ್ದು.