ಮಗುವಿನ ಆಪರೇಷನ್‌ಗೆ ಮುಂಚೆ: ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮತ್ತು ಮುಚ್ಚಿಡದ ಮಾತು

ಓದಿಕೊಳ್ಳಿ: ಮಾರ್ಕ 5:21-43, ಸಿರಾಖ 38:1-15



ಸಂತ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯವನ್ನು ನೀವು ಪೂಜೆಯಲ್ಲಿ ಎಷ್ಟೋ ಸಲ ಕೇಳಿದ್ದೀರಿ. ಯಾಯೀರನೆಂಬ ತಂದೆ ತನ್ನ ಹನ್ನೆರಡು ವರ್ಷದ ಮಗಳನ್ನು ಉಳಿಸಿಕೊಡಬೇಕೆಂದು ಯೇಸುಸ್ವಾಮಿಯ ಪಾದಕ್ಕೆ ಬೀಳುತ್ತಾನೆ. ಅವನ ಮನೆಗೆ ಹೋಗುವ ದಾರಿಯಲ್ಲಿ, ಹನ್ನೆರಡು ವರ್ಷಗಳಿಂದ ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸೊಬ್ಬಳು ಜನರ ಗುಂಪಿನಲ್ಲಿ ಮರೆಯಾಗಿ ಬಂದು ಸ್ವಾಮಿಯ ಉಡುಪನ್ನು ಮುಟ್ಟುತ್ತಾಳೆ. ಆ ಕಾಲದ ಕಟ್ಟಳೆಯಂತೆ ಅಂಥವಳನ್ನು ಮೈಲಿಗೆಯವಳೆಂದು ದೂರ ಇಡುತ್ತಿದ್ದರು. ಆದ್ದರಿಂದಲೇ ಅವಳು ಹಿಂದಿನಿಂದ ಬಂದಳು. ಆದರೆ ಯಾರು ಮುಟ್ಟಿದ್ದು ಎಂದು ಸ್ವಾಮಿ ಕೇಳಿದಾಗ, ನಡುಗುತ್ತಾ ಮುಂದೆ ಬಂದು ನಡೆದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಳು.

ಒಂದು ಕಡೆ ಮಗು, ಇನ್ನೊಂದು ಕಡೆ ನಿಲ್ಲದ ರಕ್ತ. ಇವೆರಡೂ ಒಟ್ಟಿಗೆ ಬರುವ ಇನ್ನೊಂದು ಜಾಗವಿದೆ: ಆಪರೇಷನ್ ಕೋಣೆ. ಅಲ್ಲಿಯೂ ಮಗುವಿನ ಕ್ಷೇಮಕ್ಕೆ ಮೊದಲು ಬೇಕಾಗುವುದು, ಆ ಹೆಂಗಸು ಹೇಳಿದಂತಹ ಮುಚ್ಚಿಡದ ಮಾತೇ. ಈ ವಾರದ ಪಾಠ ಅದರ ಬಗ್ಗೆ.

ಚೀಟಿಯಲ್ಲಿ ಬರೆದುಕೊಡುವ ಪರೀಕ್ಷೆಗಳು

ಟಾನ್ಸಿಲ್, ಹರ್ನಿಯಾ, ಸೀಳುತುಟಿ, ಮೂತ್ರದ ಜಾಗದ ಚರ್ಮ ಬಿಗಿಯಾಗಿರುವುದು ಮುಂತಾದ ತೊಂದರೆಗಳಿಗೆ ಮಕ್ಕಳಿಗೆ ಆಪರೇಷನ್ ಆಗುತ್ತದೆ. ಮಚ್ಛೆಯಿಂದಾಗಲಿ ಖಾನಾಪುರದ ಹಳ್ಳಿಗಳಿಂದಾಗಲಿ ಮಗುವನ್ನು ಬೆಳಗಾವಿಗೆ ಕರೆದುಕೊಂಡು ಹೋದಾಗ, ಡಾಕ್ಟರು ಚೀಟಿಯಲ್ಲಿ "ಬಿ.ಟಿ., ಸಿ.ಟಿ." ಎಂದು ಬರೆದುಕೊಡುವುದುಂಟು. ಇದನ್ನು ನೋಡಿ ಸಿ.ಟಿ. ಸ್ಕ್ಯಾನ್ ಎಂದು ಗಾಬರಿಯಾಗಬೇಡಿ. ಬಿ.ಟಿ. ಎಂದರೆ ಬ್ಲೀಡಿಂಗ್ ಟೈಮ್, ಚುಚ್ಚಿದ ಗಾಯದಿಂದ ರಕ್ತ ಬರುವುದು ನಿಲ್ಲಲು ಹಿಡಿಯುವ ಸಮಯ. ಸಿ.ಟಿ. ಎಂದರೆ ಕ್ಲಾಟಿಂಗ್ ಟೈಮ್, ಹೊರತೆಗೆದ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ. ಇವಲ್ಲದೆ ಪ್ಲೇಟ್‌ಲೆಟ್ ಎಣಿಕೆ, ಪಿ.ಟಿ. ಮತ್ತು ಎ.ಪಿ.ಟಿ.ಟಿ. ಎಂಬ ಪರೀಕ್ಷೆಗಳೂ ಇವೆ. ಇವು ಯಾವುದಕ್ಕೂ ಮಗುವನ್ನು ಉಪವಾಸ ಇಡಬೇಕಾಗಿಲ್ಲ.

ಇವುಗಳ ಅರ್ಥ ತಿಳಿಯಲು ಖಾನಾಪುರ ಕಡೆಯ ಭತ್ತದ ಗದ್ದೆಯನ್ನು ನೆನೆಸಿಕೊಳ್ಳಿ. ಮಳೆಗಾಲದಲ್ಲಿ ಬದು ಒಡೆದರೆ ರೈತ ಮೊದಲು ಕೈಗೆ ಸಿಕ್ಕಿದ ಕಲ್ಲು, ಹೆಂಟೆಗಳನ್ನು ತುಂಬುತ್ತಾನೆ. ನೀರು ತಾತ್ಕಾಲಿಕವಾಗಿ ನಿಲ್ಲುತ್ತದೆ. ಆಮೇಲೆ ಮೇಲಿನಿಂದ ಹಸಿ ಮಣ್ಣನ್ನು ಮೆತ್ತಿ ಗಟ್ಟಿ ಮಾಡುತ್ತಾನೆ. ದೇಹದಲ್ಲಿಯೂ ಹಾಗೆಯೇ. ರಕ್ತನಾಳ ತುಂಡಾದಾಗ ಪ್ಲೇಟ್‌ಲೆಟ್‌ಗಳೆಂಬ ಸಣ್ಣ ಕಣಗಳು ಬಂದು ತೂತನ್ನು ಮುಚ್ಚುತ್ತವೆ; ಅವು ಹೆಂಟೆಗಳಿದ್ದಂತೆ. ಬಳಿಕ ರಕ್ತದಲ್ಲಿರುವ ಫ್ಯಾಕ್ಟರ್‌ಗಳೆಂಬ ಅಂಶಗಳು ಒಂದರ ನಂತರ ಒಂದು ಕೆಲಸ ಮಾಡಿ ಫೈಬ್ರಿನ್ ಎಂಬ ನಾರಿನ ಬಲೆಯನ್ನು ನೇಯುತ್ತವೆ. ಅದು ಮೆತ್ತಿದ ಮಣ್ಣು.

ಪ್ಲೇಟ್‌ಲೆಟ್ ಎಣಿಕೆ ಹೆಂಟೆಗಳು ಎಷ್ಟಿವೆ ಎಂದು ಹೇಳುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುವುದು ಸಹಜ. ಪಿ.ಟಿ. ಮತ್ತು ಎ.ಪಿ.ಟಿ.ಟಿ. ಪರೀಕ್ಷೆಗಳು ಮಣ್ಣು ಮೆತ್ತುವ ಕೆಲಸ ಎಷ್ಟು ಸೆಕೆಂಡುಗಳಲ್ಲಿ ಆಗುತ್ತದೆ ಎಂದು ತಿಳಿಸುತ್ತವೆ. ಯಕೃತ್ತಿನ ಕಾಯಿಲೆ ಅಥವಾ ವಿಟಮಿನ್ ಕೆ ಕೊರತೆ ಇದ್ದರೆ ಪಿ.ಟಿ. ಹೆಚ್ಚುತ್ತದೆ. ಹಿಮೋಫಿಲಿಯಾ ಇದ್ದರೆ ಎ.ಪಿ.ಟಿ.ಟಿ. ಹೆಚ್ಚುತ್ತದೆ.

"ನಾರ್ಮಲ್" ಎಂದ ಮಾತ್ರಕ್ಕೆ ನಿಶ್ಚಿಂತೆಯೇ?

ಇಲ್ಲಿ ನಾವು ಎಚ್ಚರವಾಗಿರಬೇಕು. ಹಿಮೋಫಿಲಿಯಾ ಇರುವ ಮಗುವಿನಲ್ಲಿ ಪ್ಲೇಟ್‌ಲೆಟ್‌ಗಳು ಸರಿಯಾಗಿಯೇ ಇರುತ್ತವೆ. ಕಡಿಮೆ ಇರುವುದು 8ನೆಯ ಅಥವಾ 9ನೆಯ ಫ್ಯಾಕ್ಟರ್. ಆದ್ದರಿಂದ ಬೆರಳನ್ನೋ ಕಿವಿಯ ಹಾಲೆಯನ್ನೋ ಚುಚ್ಚಿ ನೋಡುವ ಬಿ.ಟಿ. ಸಾಮಾನ್ಯವಾಗಿ ನಾರ್ಮಲ್ ಎಂದೇ ಬರುತ್ತದೆ. ರಕ್ತದಲ್ಲಿ ಫ್ಯಾಕ್ಟರ್ ಸ್ವಲ್ಪವೇ ಇದ್ದರೂ ಸಿ.ಟಿ. ಕೂಡ ನಾರ್ಮಲ್ ಬರಬಹುದು. ಆಪರೇಷನ್ ಮುಗಿದಾಗ ಎಲ್ಲವೂ ಸರಿಯಿದ್ದಂತೆ ಕಂಡು, ಹೆಂಟೆ ಸಡಿಲಗೊಂಡಾಗ, ಅಂದರೆ ಕೆಲವು ಗಂಟೆಗಳ ಅಥವಾ ದಿನಗಳ ಬಳಿಕ ರಕ್ತ ಸುರಿಯಲು ಶುರುವಾಗಬಹುದು.

ಹುಟ್ಟಿನಿಂದ ಬರುವ ರಕ್ತಸ್ರಾವದ ದೋಷಗಳಲ್ಲಿ ಹೆಚ್ಚಾಗಿ ಕಾಣುವ ವಾನ್ ವಿಲ್ಲಿಬ್ರಾಂಡ್ ಕಾಯಿಲೆಯಲ್ಲಿ ಪಿ.ಟಿ., ಎ.ಪಿ.ಟಿ.ಟಿ. ಎರಡೂ ಸರಿಯಾಗಿರಬಹುದು. 13ನೆಯ ಫ್ಯಾಕ್ಟರ್ ಇಲ್ಲದ ಮಗುವಿನಲ್ಲಿಯೂ ಈ ಎರಡು ಪರೀಕ್ಷೆಗಳು ಏನನ್ನೂ ತೋರಿಸುವುದಿಲ್ಲ.

ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ಎ.ಪಿ.ಟಿ.ಟಿ. ಹೆಚ್ಚಾಗಿ ಬಂದರೂ ಮಗುವಿಗೆ ಏನೂ ಆಗಿಲ್ಲದಿರಬಹುದು. ಎಳೆಯ ಕೂಸುಗಳಲ್ಲಿ ಅದು ಸಹಜವಾಗಿಯೇ ಸ್ವಲ್ಪ ಹೆಚ್ಚು. ನೆಗಡಿ ಜ್ವರ ಬಂದು ಹೋದ ಮೇಲೆ ಕೆಲವು ಮಕ್ಕಳಲ್ಲಿ ಕೆಲಕಾಲ ಹೆಚ್ಚಿರುತ್ತದೆ, ಅದರಿಂದ ಸಾಮಾನ್ಯವಾಗಿ ರಕ್ತಸ್ರಾವವೇನೂ ಆಗುವುದಿಲ್ಲ. ನೀಲಿ ಮುಚ್ಚಳದ ಟ್ಯೂಬಿನಲ್ಲಿ ಗುರುತಿನವರೆಗೆ ರಕ್ತ ತುಂಬದಿದ್ದರೂ, ಮಾದರಿಯನ್ನು ಪರೀಕ್ಷಿಸಲು ಬಹಳ ತಡವಾದರೂ ಲೆಕ್ಕ ತಪ್ಪುತ್ತದೆ. ಮಗು ಅತ್ತು ಹೊರಳಾಡಿದಾಗ ಟ್ಯೂಬು ಅರ್ಧವೇ ತುಂಬುವುದು ಅಪರೂಪವಲ್ಲ. ಆದ್ದರಿಂದ ಒಂದು ವರದಿ ನೋಡಿ ಎದೆಗುಂದಬೇಡಿ. ಡಾಕ್ಟರು ಹೇಳಿದರೆ ಮತ್ತೊಮ್ಮೆ ರಕ್ತ ಕೊಡಿಸಿ. ಊರಿನಲ್ಲಿ ರಕ್ತ ತೆಗೆಸಿ ಪಟ್ಟಣಕ್ಕೆ ಕಳಿಸುವ ಬದಲು, ಪರೀಕ್ಷೆ ಮಾಡುವ ಲ್ಯಾಬೊರೇಟರಿಯಲ್ಲಿಯೇ ತೆಗೆಸುವುದು ಒಳ್ಳೆಯದು.

ಈ ಕಾರಣಗಳಿಂದಲೇ, ಬ್ರಿಟನ್ನಿನ ರಕ್ತತಜ್ಞರ ಸಮಿತಿ 2008ರಲ್ಲಿ ಕೊಟ್ಟ ಸಲಹೆಯಲ್ಲಿ, ಎಲ್ಲರಿಗೂ ಒಂದೇ ರೀತಿ ಈ ಪರೀಕ್ಷೆಗಳನ್ನು ಮಾಡುವುದಕ್ಕಿಂತ ಮೊದಲು ಪ್ರತಿಯೊಬ್ಬ ರೋಗಿಯ ರಕ್ತಸ್ರಾವದ ಚರಿತ್ರೆಯನ್ನು ಕೇಳಿ ತಿಳಿಯಬೇಕೆಂದು ಹೇಳಿತು. ಪರೀಕ್ಷೆ ಬೇಡವೆಂದು ಇದರ ಅರ್ಥವಲ್ಲ. ಡಾಕ್ಟರು ಬರೆದದ್ದನ್ನು ಮಾಡಿಸಲೇಬೇಕು. ಆದರೆ ಯಾವ ಪರೀಕ್ಷೆ ಬೇಕೆಂದು ಅವರಿಗೆ ದಾರಿ ತೋರಿಸುವುದು ನೀವು ಹೇಳುವ ಮಾತು.

ಸೆಪ್ಪೋರಿಸ್‌ನ ನಾಲ್ವರು ಅಕ್ಕತಂಗಿಯರು

ಈ ಅರಿವು ಬಹಳ ಹಳೆಯದು. ಯೆಹೂದ್ಯರು ಗಂಡುಕೂಸಿಗೆ ಎಂಟನೆಯ ದಿನ ಸುನ್ನತಿ ಮಾಡಿಸುತ್ತಾರೆ. ಬಾಲಯೇಸುವಿಗೂ ಹಾಗೆಯೇ ಮಾಡಿಸಿದರೆಂದು ಸಂತ ಲೂಕ ಬರೆದಿದ್ದಾನೆ. ನಜರೇತಿಗೆ ಹತ್ತಿರದ ಸೆಪ್ಪೋರಿಸ್ ಪಟ್ಟಣದ ನಾಲ್ವರು ಅಕ್ಕತಂಗಿಯರ ಸಂಗತಿ ಯೆಹೂದ್ಯರ ತಾಲ್ಮುದ್ ಗ್ರಂಥದಲ್ಲಿದೆ. ಮೊದಲ ಮೂವರ ಕೂಸುಗಳು ಸುನ್ನತಿಯಾದ ಮೇಲೆ ತೀರಿಕೊಂಡವು. ನಾಲ್ಕನೆಯವಳು ಎರಡನೆಯ ಶತಮಾನದ ಗುರು ಸಿಮೆಯೋನ್ ಬೆನ್ ಗಮಲಿಯೇಲನ ಬಳಿಗೆ ಬಂದಾಗ, ನಿನ್ನ ಕೂಸಿಗೆ ಮಾಡಿಸಬೇಡ ಎಂದು ಅವನು ಹೇಳಿದನು. ದೇವರ ಆಜ್ಞೆಯೆಂದು ನಂಬಿದ್ದ ಸಂಸ್ಕಾರವನ್ನೂ ಮಗುವಿನ ಪ್ರಾಣಕ್ಕಾಗಿ ಬಿಡಬಹುದೆಂದು ಆ ಗುರು ತಿಳಿದಿದ್ದನು. ಅವನ ಕೈಯಲ್ಲಿ ಟ್ಯೂಬೂ ಇರಲಿಲ್ಲ, ಯಂತ್ರವೂ ಇರಲಿಲ್ಲ. ಇದ್ದದ್ದು ಆ ತಾಯಿ ಹೇಳಿದ ಮನೆತನದ ಕಥೆ ಮಾತ್ರ.

ಡಾಕ್ಟರಿಗೆ ತಪ್ಪದೆ ಹೇಳಬೇಕಾದದ್ದು

1. ಹೊಕ್ಕುಳು ಬಳ್ಳಿ ಬಿದ್ದಾಗ ಬಹಳ ರಕ್ತ ಹೋಗಿತ್ತೇ?
2. ಲಸಿಕೆಯ ಇಂಜೆಕ್ಷನ್ ಹಾಕಿಸಿದ ಜಾಗದಲ್ಲಿ ದೊಡ್ಡ ಗಂಟು ಕಟ್ಟಿ ನೀಲಿಯಾಗಿತ್ತೇ?
3. ಕಿವಿ ಚುಚ್ಚಿಸಿದಾಗ, ಹಾಲುಹಲ್ಲು ಬಿದ್ದಾಗ, ತುಟಿ ಕಚ್ಚಿಕೊಂಡಾಗ ರಕ್ತ ಬಹಳ ಹೊತ್ತು ನಿಲ್ಲದೆ ಬಂದಿತ್ತೇ?
4. ಪೆಟ್ಟಾಗದಿದ್ದರೂ ಮೈಮೇಲೆ ದೊಡ್ಡ ನೀಲಿ ಕಲೆಗಳು, ಮೊಣಕಾಲು ಮೊಣಕೈ ಊತ, ಒತ್ತಿ ಹಿಡಿದರೂ ಹತ್ತು ನಿಮಿಷದಲ್ಲಿ ನಿಲ್ಲದ ಮೂಗಿನ ರಕ್ತ ಇದೆಯೇ?
5. ತಾಯಿಗೆ ಮುಟ್ಟಿನಲ್ಲಿ ಅಥವಾ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿತ್ತೇ?
6. ಸೋದರಮಾವ, ತಾಯಿಯ ಕಡೆಯ ಅಜ್ಜ, ಚಿಕ್ಕಮ್ಮ ದೊಡ್ಡಮ್ಮಂದಿರ ಗಂಡುಮಕ್ಕಳಲ್ಲಿ ಯಾರಿಗಾದರೂ ರಕ್ತ ನಿಲ್ಲದ ತೊಂದರೆ ಇತ್ತೇ?
7. ಈಚೆಗೆ ಆಸ್ಪಿರಿನ್, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆ ಅಥವಾ ನಾಟಿ ಔಷಧ ಕೊಟ್ಟಿದ್ದೀರಾ? ಕಾಮಾಲೆಯೋ ಡೆಂಗ್ಯೂ ಜ್ವರವೋ ಬಂದಿತ್ತೇ?

ಇವುಗಳಲ್ಲಿ ಒಂದಕ್ಕೆ "ಹೌದು" ಎಂದಾದರೂ, ಬಿ.ಟಿ., ಸಿ.ಟಿ. ನಾರ್ಮಲ್ ಬಂದಿವೆ ಎಂದು ಸುಮ್ಮನಾಗದೆ, ಇನ್ನೂ ಯಾವ ಪರೀಕ್ಷೆ ಬೇಕು ಎಂದು ವಿನಯದಿಂದ ಕೇಳಿ. ಎಲ್ಲಕ್ಕೂ "ಇಲ್ಲ" ಎಂದಾದರೆ ಅದು ಸಮಾಧಾನದ ವಿಷಯ. ಆದರೂ ಹಿಮೋಫಿಲಿಯಾ ಇರುವವರಲ್ಲಿ ಸುಮಾರು ಮೂರರಲ್ಲೊಬ್ಬರ ಮನೆತನದಲ್ಲಿ ಮೊದಲು ಯಾರಿಗೂ ಆ ತೊಂದರೆ ಇರುವುದಿಲ್ಲ. ಹಾಗಾಗಿ ಮಗುವಿನ ಮೈಯನ್ನೂ ಗಮನಿಸಬೇಕು, ಬರೀ ಬಂಧುಬಳಗವನ್ನು ನೆನೆದರೆ ಸಾಲದು.

ಮುಚ್ಚಿಡುವುದು ಏಕೆ?

ಮನೆಯಲ್ಲಿ ಇವೆಲ್ಲ ಗೊತ್ತಿದ್ದರೂ ಆಸ್ಪತ್ರೆಯಲ್ಲಿ ಬಾಯಿ ಬಿಡದವರು ಉಂಟು. "ಹೇಳಿದರೆ ಹುಡುಗಿಗೆ ಗಂಡು ಸಿಗುವುದಿಲ್ಲ," "ಅತ್ತೆಯ ಮನೆಯವರು ಸೊಸೆಯ ತವರನ್ನು ಆಡಿಕೊಳ್ಳುತ್ತಾರೆ" ಎಂಬ ಹೆದರಿಕೆ. ಹಿಮೋಫಿಲಿಯಾ ಹೆಚ್ಚಾಗಿ ತಾಯಿಯ ಮೂಲಕ ಗಂಡುಮಗುವಿಗೆ ಬರುತ್ತದೆ ನಿಜ. ಆದರೆ ಅದು ಅವಳ ತಪ್ಪೂ ಅಲ್ಲ, ಪಾಪವೂ ಅಲ್ಲ, ಶಾಪವೂ ಅಲ್ಲ. ಬ್ರಿಟನ್ನಿನ ವಿಕ್ಟೋರಿಯಾ ರಾಣಿಯ ಮನೆತನದಲ್ಲಿಯೂ ಅದೇ ಇತ್ತು. 13ನೆಯ ಫ್ಯಾಕ್ಟರ್ ಕೊರತೆಯಂಥ ಕೆಲವು ದೋಷಗಳು ತಂದೆ ತಾಯಿ ಇಬ್ಬರಿಂದಲೂ ಬರಬೇಕು; ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದಾಗ ಅದರ ಸಂಭವ ಹೆಚ್ಚು. ಧರ್ಮಸಭೆಯ ಕಾನೂನಿನ 1091ನೆಯ ವಿಧಿಯಂತೆ ಸೋದರತ್ತೆ ಸೋದರಮಾವನ ಮಕ್ಕಳ ನಡುವಣ ಮದುವೆ ವಿಶೇಷ ಅನುಮತಿಯಿಲ್ಲದೆ ಸಿಂಧುವಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ರಕ್ತಸ್ರಾವದ ಹೆಂಗಸು ಸತ್ಯವನ್ನು ಹೇಳಿದಾಗ ಸ್ವಾಮಿ ಅವಳನ್ನು ಗದರಿಸಲಿಲ್ಲ. ಮಗಳೇ ಎಂದು ಕರೆದು ಸಮಾಧಾನದಿಂದ ಕಳಿಸಿದರು. ಹಾಗೆ ಮಾತನಾಡುವುದನ್ನು ನಾವೂ ಕಲಿಯಬೇಕು. ಸೊಸೆಯನ್ನು ದೂರುವ ಮನೆಯಲ್ಲಿ ಸೊಸೆ ಸತ್ಯ ಹೇಳಲಾರಳು, ಅದರ ಬೆಲೆಯನ್ನು ತೆರುವುದು ಮಗು.

ದೋಷವಿದೆ ಎಂದು ತಿಳಿದರೆ

ಆಪರೇಷನ್ ಆಗುವುದೇ ಇಲ್ಲವೆಂದು ತಿಳಿಯಬೇಡಿ. ಕಡಿಮೆ ಇರುವ ಫ್ಯಾಕ್ಟರನ್ನು ಮುಂಚೆಯೇ ಕೊಟ್ಟು, ಸೌಕರ್ಯವಿರುವ ದೊಡ್ಡ ಆಸ್ಪತ್ರೆಯಲ್ಲಿ ಯೋಜನೆ ಹಾಕಿ ಮಾಡುತ್ತಾರೆ. ಬೆಳಗಾವಿಯ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಅದನ್ನು ಕಟ್ಟಿ ಬೆಳೆಸಿದ ಡಾ. ಸುರೇಶ್ ಹನಗವಾಡಿಯವರು ಸ್ವತಃ ಹಿಮೋಫಿಲಿಯಾ ಇರುವವರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿಯೂ ಹಿಮೋಫಿಲಿಯಾವನ್ನು ಸೇರಿಸಲಾಗಿದೆ.

ಇನ್ನೊಂದು ಮಾತು. ಟಾನ್ಸಿಲ್ ತೆಗೆದ ಮಗುವಿಗೆ ಮೊದಲ ದಿನ ಮಾತ್ರವಲ್ಲ, ಐದರಿಂದ ಹತ್ತನೆಯ ದಿನದ ನಡುವೆಯೂ ರಕ್ತ ಬರಬಹುದು. ಪದೇಪದೇ ನುಂಗುವುದು, ಉಗುಳಿನಲ್ಲಿ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಕಣಕುಂಬಿ, ಜಾಂಬೋಟಿ ಕಡೆಯ ಕಾಡಿನ ಊರುಗಳವರು ಆ ದಿನಗಳಲ್ಲಿ ಪಟ್ಟಣಕ್ಕೆ ಹತ್ತಿರದ ನೆಂಟರ ಮನೆಯಲ್ಲಿ ಉಳಿಯುವುದು ಲೇಸು. ಮಚ್ಛೆಯಲ್ಲಿರುವವರು ಅಂಥ ಒಂದು ಮಗುವಿಗೆ ಮನೆಯಲ್ಲಿ ಜಾಗ ಕೊಟ್ಟರೆ ಅದೂ ದಯಾಕಾರ್ಯವೇ.

ಸಿರಾಖನ ಗ್ರಂಥ ರೋಗಿಗೆ ಪ್ರಾರ್ಥನೆ ಮಾಡಲು ಹೇಳುತ್ತದೆ, ವೈದ್ಯನಿಗೂ ಅವನ ಸ್ಥಾನ ಕೊಡಲು ಹೇಳುತ್ತದೆ. ಜಪಸರ ಹಿಡಿದ ಕೈಯಲ್ಲಿಯೇ ಮಗುವಿನ ಆಸ್ಪತ್ರೆ ಚೀಟಿಗಳೂ ಇರಲಿ.

ಮನೆಯಲ್ಲಿ ಮಾತನಾಡಿಕೊಳ್ಳಲು

1. ನಮ್ಮ ಮನೆತನದಲ್ಲಿ ರಕ್ತ ನಿಲ್ಲದೆ ತೀರಿಕೊಂಡವರ ಕಥೆ ಅಜ್ಜಿಗೆ ಗೊತ್ತಿದೆಯೇ? ಕೇಳಿ ತಿಳಿದಿದ್ದೇವೆಯೇ?
2. ಕಾಯಿಲೆಯ ವಿಷಯವನ್ನು ನಾಚಿಕೆಯಿಂದ ಮುಚ್ಚಿಟ್ಟದ್ದುಂಟೇ?
3. ನೆರೆಯವರ ಮಗುವಿನ ಕಾಯಿಲೆಯನ್ನು ನಾವು ಆಡಿಕೊಂಡಿದ್ದೇವೆಯೇ?

ಈ ವಾರದ ಸಂಕಲ್ಪ: ಮೇಲಿನ ಏಳು ಪ್ರಶ್ನೆಗಳಿಗೆ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು, ಮಗುವಿನ ಲಸಿಕೆ ಕಾರ್ಡಿನ ಜೊತೆ ಇಡೋಣ.

ಪ್ರಾರ್ಥನೆ: ಯಾಯೀರನ ಮಗಳ ಕೈಹಿಡಿದು ಎಬ್ಬಿಸಿ, ಅವಳಿಗೆ ಊಟ ಕೊಡಿ ಎಂದ ಸ್ವಾಮಿ, ಆಪರೇಷನ್ನಿಗೆ ಹೋಗುವ ನಮ್ಮ ಮಕ್ಕಳ ಕೈಯನ್ನೂ ಹಿಡಿಯಿರಿ. ಡಾಕ್ಟರಿಗೆ ಜಾಗರೂಕತೆಯನ್ನೂ, ನಮಗೆ ಸತ್ಯವನ್ನು ಹೇಳುವ ಧೈರ್ಯವನ್ನೂ ಕೊಡಿರಿ. ಆಮೆನ್.